ಲೈಕ್ ಬಂದರೆ ಕೆಲಸ ಬರುತ್ತದೆಯೇ? ಒಳಾಂಗಣ ವಿನ್ಯಾಸಕರ ಆನ್‌ಲೈನ್ ನಂಬಿಕೆಗಳು

ಬೆಂಗಳೂರಾಗಲಿ ಹುಬ್ಬಳ್ಳಿಯಾಗಲಿ, ಈಗ ಹೊಸದಾಗಿ ಕೆಲಸ ಶುರುಮಾಡುವ ಒಳಾಂಗಣ ವಿನ್ಯಾಸಕರು ಆಫೀಸಿನ ಬೋರ್ಡು ಬರೆಸುವ ಮೊದಲೇ ಇನ್‌ಸ್ಟಾಗ್ರಾಂ ಖಾತೆ ತೆರೆದಿರುತ್ತಾರೆ. 2020ರ ಜುಲೈನಲ್ಲಿ ಭಾರತಕ್ಕೆ ರೀಲ್ಸ್ ಬಂತು. ಅದೇ ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಪ್ರಯೋಗ ಶುರುವಾದದ್ದೂ ನಮ್ಮ ದೇಶದಲ್ಲೇ. ಅಲ್ಲಿಂದೀಚೆಗೆ ಅಡುಗೆಮನೆ, ವಾರ್ಡ್‌ರೋಬ್, ಟಿವಿ ಯೂನಿಟ್ಟುಗಳ ವಿಡಿಯೊ ನೋಡದೆ ಮನೆ ಕಟ್ಟಿಸುವವರೇ ಕಡಿಮೆ. ಇದರ ಜೊತೆಗೇ ಒಬ್ಬರ ಬಾಯಿಂದ ಒಬ್ಬರಿಗೆ ದಾಟಿದ ಕೆಲವು ನಂಬಿಕೆಗಳೂ ವೃತ್ತಿಯೊಳಗೆ ಬೇರುಬಿಟ್ಟಿವೆ. ಕೆಲವು ಹೊಸಬರ ದುಡ್ಡನ್ನೂ ಹೊತ್ತನ್ನೂ ತಿನ್ನುತ್ತವೆ, ಕೆಲವು ಕಾನೂನಿನ ತೊಡಕಿಗೂ ತಂದು ನಿಲ್ಲಿಸುತ್ತವೆ.

ಮೊದಲನೆಯದು, "ಫಾಲೋವರ್ಸ್ ಲಕ್ಷ ದಾಟಲಿ, ಕೆಲಸ ತಾನಾಗಿಯೇ ಹುಡುಕಿಕೊಂಡು ಬರುತ್ತದೆ" ಎಂಬ ಮಾತು. ಮೂರು ನಾಲ್ಕು ಜನರ ಒಂದು ಆಫೀಸು ವರ್ಷದಲ್ಲಿ ಅಚ್ಚುಕಟ್ಟಾಗಿ ಮುಗಿಸಿಕೊಡಬಲ್ಲ ಮನೆಗಳು ಬೆರಳೆಣಿಕೆಯಷ್ಟು. ಅವೆಲ್ಲ ಸೈಟಿಗೆ ಹೋಗಿಬರುವಷ್ಟು ಹತ್ತಿರದಲ್ಲಿರಬೇಕು. ಜೈಪುರದಲ್ಲೋ ಜಕಾರ್ತದಲ್ಲೋ ಕುಳಿತು ಲೈಕ್ ಒತ್ತಿದವರಿಂದ ಮೈಸೂರಿನ ವಿನ್ಯಾಸಕಿಗೆ ಒಂದು ಕಪಾಟಿನ ಕೆಲಸವೂ ಬರುವುದಿಲ್ಲ. "ಅಲ್ಗಾರಿದಮ್ ಹಿಡಿಯಬೇಕು" ಎಂದು ಓಡಾಡುವವರಿಗೆ ಇನ್ನೊಂದು ಸಂಗತಿ: ಹಾಗೆ ಹಿಡಿಯಲು ಒಂದೇ ಒಂದು ಅಲ್ಗಾರಿದಮ್ ಇಲ್ಲ ಎಂದು ಇನ್‌ಸ್ಟಾಗ್ರಾಮೇ 2021ರಲ್ಲಿ ವಿವರಿಸಿತು. ಫೀಡ್, ಸ್ಟೋರಿ, ಎಕ್ಸ್‌ಪ್ಲೋರ್, ರೀಲ್ಸ್, ಇವು ಒಂದೊಂದೂ ತಮ್ಮದೇ ಲೆಕ್ಕದಲ್ಲಿ ನಡೆಯುತ್ತವೆ. ಮನೆ ಮಾಡಿಸುವವರು ರೀಲ್ ನೋಡಿದ ಕೂಡಲೇ ಫೋನ್ ಮಾಡುವುದಿಲ್ಲ. ಪ್ರೊಫೈಲಿಗೆ ಹೋಗುತ್ತಾರೆ, ಹಳೆಯ ಪೋಸ್ಟುಗಳನ್ನು ತಿರುವಿಹಾಕುತ್ತಾರೆ, ಮನೆಯವರಿಗೆ ವಾಟ್ಸಾಪ್ ಮಾಡುತ್ತಾರೆ, ವಾರಗಟ್ಟಲೆ ಸುಮ್ಮನಿದ್ದು ಆಮೇಲೆ ಫ್ಲೋರ್ ಪ್ಲಾನ್ ಕಳಿಸಿ ಕೇಳುತ್ತಾರೆ. ಹಾಗೆ ಪ್ಲಾನ್ ಹಿಡಿದು ಬಂದವರು ಎಷ್ಟು ಮಂದಿ, ಯಾವ ಪೋಸ್ಟ್ ನೋಡಿ ಬಂದರು ಎಂದು ಒಂದು ಪುಸ್ತಕದಲ್ಲಿ ಬರೆದಿಡುವವರಿಗೆ ತಮ್ಮ ಕೆಲಸ ಎಲ್ಲಿಂದ ಬರುತ್ತಿದೆ ಎಂಬುದು ನಿಚ್ಚಳವಾಗಿ ಕಾಣುತ್ತದೆ.

ಎರಡನೆಯ ನಂಬಿಕೆಯ ಬೇರು ಇನ್ನೂ ಆಳ: "ಮನೆ ಮುಗಿದು, ಹೂದಾನಿ, ಕುಶನ್ ಎಲ್ಲ ಜೋಡಿಸಿದ ಮೇಲೆಯೇ ಕ್ಯಾಮೆರಾ ತೆಗೆಯಬೇಕು." ಮುಗಿದ ಮನೆಯ ಚಿತ್ರ ಚೆಂದ, ಅದು ಬೇಕು. ಆದರೆ ಸಾಲದ ಕಂತು ಕಟ್ಟುತ್ತಾ ಮನೆ ಮಾಡಿಸುವ ಕುಟುಂಬದ ಭಯವೆಲ್ಲ ಲ್ಯಾಮಿನೇಟಿನ ಹಿಂದೆ ಏನಿದೆ ಎಂಬುದರಲ್ಲಿದೆ. ಆ ಭಯಕ್ಕೆ ಮುಗಿದ ಫೋಟೊದಲ್ಲಿ ಉತ್ತರ ಇಲ್ಲ.

ಸಿಂಕಿನ ಕೆಳಗಿನ ಕಪಾಟನ್ನೇ ತೆಗೆದುಕೊಳ್ಳಿ. ಕಾರ್ಪೆಂಟರ್ ಪೆಟ್ಟಿಗೆ ಜೋಡಿಸಿದ್ದಾನೆ, ಲ್ಯಾಮಿನೇಟ್ ಇನ್ನೂ ಅಂಟಿಸಿಲ್ಲ. ಪ್ಲೈವುಡ್ಡಿನ ಮೇಲೆ ಐಎಸ್‌ಐ ಗುರುತು, ಅದರ ಪಕ್ಕದಲ್ಲಿ ಐಎಸ್ 710 ಎಂಬ ಅಚ್ಚು ಕಾಣುತ್ತಿದೆ. ಫೋನನ್ನು ಅಲ್ಲಿಗೆ ಹಿಡಿದು ವಿನ್ಯಾಸಕಿ ಹೇಳುತ್ತಾಳೆ: ಇದು ಮರೀನ್ ದರ್ಜೆ, ಪದರಗಳನ್ನು ಅಂಟಿಸಿರುವುದು ಫೀನಾಲ್ ಫಾರ್ಮಾಲ್ಡಿಹೈಡ್ ಅಂಟಿನಿಂದ, ಕುದಿನೀರಿನ ಪರೀಕ್ಷೆ ತಡೆಯುವಂಥದ್ದು. ಅಂಗಡಿಯಲ್ಲಿ ಕಮರ್ಷಿಯಲ್ ಅನ್ನುವ ಎಂಆರ್ ಹಲಗೆಗೆ ಯೂರಿಯಾ ಅಂಟು. ಅದು ತೇವ ತಡೆದೀತು, ನಿಂತ ನೀರನ್ನಲ್ಲ. ಬೆಡ್‌ರೂಮಿನ ವಾರ್ಡ್‌ರೋಬಿಗೆ ಅದೇ ಸಾಕು, ಅಲ್ಲಿ ಉಳಿದ ಹಣವನ್ನು ಇಲ್ಲಿ ಹಾಕಿದ್ದೇವೆ. ಆಮೇಲೆ ಪೈಪ್ ಹೋಗಲು ಕೊರೆದ ತೂತಿನತ್ತ ಬೆರಳು ತೋರಿಸುತ್ತಾಳೆ. ಆ ಕಚ್ಚಾ ಅಂಚಿಗೆ ಸೀಲಂಟ್ ಹಚ್ಚದಿದ್ದರೆ ಎಂಥ ಹಲಗೆಯೂ ಅಲ್ಲಿಂದಲೇ ನೀರು ಕುಡಿದು ಊದುತ್ತದೆ. ಒಂದೇ ನಿಮಿಷದ ವಿಡಿಯೊ, ಹಿನ್ನೆಲೆಯಲ್ಲಿ ಮರ ಕೊಯ್ಯುವ ಸದ್ದು, ನೆಲದ ತುಂಬ ಹೊಟ್ಟು. ಆದರೂ ನೋಡಿದವರಿಗೆ ಎರಡು ವಿಷಯ ತಿಳಿದವು: ಹಣ ಎಲ್ಲಿ ಹಾಕಬೇಕು, ಎಲ್ಲಿ ಹಾಕಬೇಕಿಲ್ಲ. ಈ ವಿನ್ಯಾಸಕಿಗೆ ಅದು ಗೊತ್ತಿದೆ ಎಂಬ ಮೂರನೆಯ ವಿಷಯವೂ ಮನಸ್ಸಿನಲ್ಲಿ ಉಳಿಯಿತು. ಮನೆ ಮಾಡಿಸುವವರು ನಮ್ಮಿಂದ ಕೊಳ್ಳುವುದು ಇಂಥ ನಿರ್ಧಾರಗಳನ್ನೇ. ಕಂಟೆಂಟ್ ಎಂದರೆ ಆ ನಿರ್ಧಾರಗಳನ್ನು ಕಾರಣ ಸಮೇತ ತೋರಿಸುವುದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

"ಇಷ್ಟೆಲ್ಲ ಹೇಳಿಕೊಟ್ಟರೆ ಅವರೇ ಮಾಡಿಕೊಳ್ಳುತ್ತಾರೆ, ನಮ್ಮನ್ನು ಯಾರು ಕೇಳುತ್ತಾರೆ" ಎಂಬ ಅಂಜಿಕೆ ಇದರ ಬೆನ್ನಿಗೇ ಬರುತ್ತದೆ. ವಿಡಿಯೊ ನೋಡಿ ತಾವೇ ನಿಂತು ಮಾಡಿಸಿಕೊಳ್ಳುವವರು ಹೇಗೂ ವಿನ್ಯಾಸಕರಿಗೆ ಶುಲ್ಕ ಕೊಡುವವರಾಗಿರಲಿಲ್ಲ. ಉಳಿದವರಿಗೆ ಆ ತಿಳಿವಳಿಕೆಯಿಂದ ಶುಲ್ಕ ಏಕೆ ಎಂಬುದು ಅರ್ಥವಾಗುತ್ತದೆ, ಮೊದಲ ಮೀಟಿಂಗಿನಲ್ಲಿ ಚೌಕಾಸಿ ಕಡಿಮೆಯಾಗುತ್ತದೆ.

ಬೆಲೆಯ ವಿಚಾರವೂ ಹೀಗೆಯೇ. "ರೇಟ್ ಬಹಿರಂಗವಾಗಿ ಹೇಳಬಾರದು, ಡಿಎಂ ಮಾಡಿ ಅನ್ನಬೇಕು" ಎಂದು ಹೇಳಿಕೊಡುವವರೇ ಹೆಚ್ಚು. ಒಂದೇ ಅಂಕಿ ಹೇಳುವುದು ಅಪಾಯ, ನಿಜ. ಆದರೆ ಅಂಕಿ ಹೇಗೆ ಹುಟ್ಟುತ್ತದೆ ಎಂದು ಹೇಳುವುದರಲ್ಲಿ ಯಾವ ಅಪಾಯವೂ ಇಲ್ಲ. ಹತ್ತು ಅಡಿ ಉದ್ದದ ಅಡುಗೆಮನೆ ಗೋಡೆ ಇದೆ ಎನ್ನಿ. ಕೆಳಗಿನ ಕಪಾಟು ಎರಡೂವರೆ ಅಡಿ ಎತ್ತರ, ಮೇಲಿನದು ಎರಡು ಅಡಿ, ಲಾಫ್ಟ್ ಎರಡು ಅಡಿ. ಮುಂಭಾಗದ ಅಳತೆಯಲ್ಲಿ 25, 20, 20, ಒಟ್ಟು 65 ಚದರಡಿ. ಒಬ್ಬರ ಕೊಟೇಷನ್ನಿನಲ್ಲಿ ಲಾಫ್ಟ್ ಸೇರಿರುತ್ತದೆ, ಇನ್ನೊಬ್ಬರದರಲ್ಲಿ 45 ಚದರಡಿಗೆ ಲೆಕ್ಕ ನಿಂತಿರುತ್ತದೆ. ಒಬ್ಬರು ಟ್ಯಾಂಡೆಮ್ ಡ್ರಾಯರ್, ಸಾಫ್ಟ್ ಕ್ಲೋಸ್ ಹಿಂಜ್ ಸೇರಿಸಿ ಹೇಳಿದರೆ ಇನ್ನೊಬ್ಬರು ಹಾರ್ಡ್‌ವೇರ್ ಬೇರೆ ಅನ್ನುತ್ತಾರೆ. ಗ್ರಾನೈಟ್, ಚಿಮಣಿ, ಹಾಬ್ ಯಾರ ಲೆಕ್ಕ? ಶೇ 18ರ ಜಿಎಸ್‌ಟಿ ಒಳಗೋ ಹೊರಗೋ? ಎರಡು ಕೊಟೇಷನ್ ಕೈಯಲ್ಲಿ ಹಿಡಿದು ಯಾವುದು ಅಗ್ಗ ಎಂದು ತಿಳಿಯದೆ ಕುಳಿತ ಕುಟುಂಬಕ್ಕೆ ಇದನ್ನು ಬಿಡಿಸಿ ಹೇಳಿದ ವಿಡಿಯೊ ಎಷ್ಟು ಉಪಕಾರಿ ಎಂದು ಯೋಚಿಸಿ. ಬಜೆಟ್ ಹೊಂದದವರು ಫೋನ್ ಮಾಡುವ ಮೊದಲೇ ಸರಿದು ಹೋಗುತ್ತಾರೆ. ಅದರಿಂದ ಉಳಿಯುವ ಹೊತ್ತು ಇಬ್ಬರದೂ.

ಕ್ಯಾಮೆರಾ ವಿಷಯದಲ್ಲಿ ಎರಡು ನಂಬಿಕೆಗಳಿವೆ. ಒಂದು, ದುಬಾರಿ ಕ್ಯಾಮೆರಾ ಇಲ್ಲದೆ ಆಗುವುದಿಲ್ಲ. ಇನ್ನೊಂದು, ಕೋಣೆ ದೊಡ್ಡದಾಗಿ ಕಾಣಬೇಕು, ಅದಕ್ಕೆ ಫೋನಿನಲ್ಲಿ 0.5 ಒತ್ತಿ ತೆಗೆಯಬೇಕು. ಈ ಎರಡನೆಯದು ಹೆಚ್ಚು ಕೆಡುಕಿನದು. ಅಷ್ಟು ಅಗಲದ ಲೆನ್ಸಿನಲ್ಲಿ ಹತ್ತು ಅಡಿಯ ಮಲಗುವ ಕೋಣೆ ಹಾಲಿನಂತೆ ಕಾಣುತ್ತದೆ, ಅಂಚಿನಲ್ಲಿರುವ ಸೋಫಾ ಎಳೆದು ಉದ್ದವಾಗುತ್ತದೆ. ಅದನ್ನು ನಂಬಿ ಬಂದವರು ತಮ್ಮ 30-40 ಸೈಟಿನ ಮನೆಯಲ್ಲಿ ಅಷ್ಟೇ ವಿಶಾಲ ಕೇಳುತ್ತಾರೆ. ಫೋನಿನ ಮುಖ್ಯ ಲೆನ್ಸ್ ಸಾಕು. ಫೋನನ್ನು ಸುಮಾರು ನಾಲ್ಕಡಿ ಎತ್ತರದಲ್ಲಿ ಟ್ರೈಪಾಡಿಗೆ ಹಾಕಿ, ಬಾಗಿಲ ಚೌಕಟ್ಟಿನ ಗೆರೆ ನೆಟ್ಟಗೆ ನಿಲ್ಲುವಂತೆ ಹಿಡಿಯಿರಿ. ಹಗಲಿನಲ್ಲಿ ತೆಗೆಯುವಾಗ ದೀಪ ಆರಿಸಿ. ಕಿಟಕಿಯ ಬೆಳಕು, 3000 ಕೆಲ್ವಿನ್‌ನ ಹಳದಿ ಸ್ಪಾಟ್‌ಲೈಟ್, 6500ರ ಬಿಳಿ ಟ್ಯೂಬ್‌ಲೈಟ್ ಮೂರೂ ಕೂಡಿದರೆ ನೀವು ವಾರಗಟ್ಟಲೆ ಹುಡುಕಿ ಆರಿಸಿದ ಗೋಡೆಯ ಬಣ್ಣ ಯಾವುದು ಎಂದೇ ತಿಳಿಯುವುದಿಲ್ಲ. ನಮ್ಮ ಮಳೆಗಾಲದ ಮೋಡದ ಬೆಳಕು ಒಳಾಂಗಣದ ಫೋಟೊಗೆ ವರ. ಗಾಢ ನೆರಳಿಲ್ಲದೆ, ಕಿಟಕಿ ಬೆಳ್ಳಗೆ ಸುಟ್ಟುಹೋಗದೆ ಕೋಣೆ ಇದ್ದಂತೆ ಬರುತ್ತದೆ.

"ಕನ್ನಡದಲ್ಲಿ ಮಾಡಿದರೆ ದುಡ್ಡಿರುವ ಗ್ರಾಹಕರು ಬರುವುದಿಲ್ಲ" ಎಂಬ ಮಾತು ಕೇಳಿದಾಗ ನನಗೆ ಬೇಸರವಾಗುತ್ತದೆ. ಮನೆಯ ವಿಷಯದಲ್ಲಿ ಒಬ್ಬರೇ ನಿರ್ಧರಿಸುವುದು ಅಪರೂಪ. ಅಡುಗೆಮನೆಯ ಕಟ್ಟೆ ಎಷ್ಟು ಎತ್ತರ ಇರಬೇಕು, ಗ್ರೈಂಡರ್ ಎಲ್ಲಿಡಬೇಕು, ದೇವರ ಮನೆಯ ಬಾಗಿಲು ಜಾಲಿಯದೋ ಗಾಜಿನದೋ ಎಂದು ಹೇಳುವವರು ತಾಯಿ, ಅತ್ತೆ. ಅಮೆರಿಕದಲ್ಲೋ ಕೊಲ್ಲಿ ದೇಶದಲ್ಲೋ ಇರುವ ಮಗ ಹಣ ಕಳಿಸಿದರೂ ಮೈಸೂರಿನ ಸೈಟಿನಲ್ಲಿ ದಿನಾ ನಿಲ್ಲುವುದು ಅಪ್ಪ. ಆ ಕುಟುಂಬದ ಗ್ರೂಪಿನಲ್ಲಿ ಎಲ್ಲರಿಗೂ ಅರ್ಥವಾಗುವ ವಿಡಿಯೊ ಓಡಾಡುತ್ತದೆ. ಅದಲ್ಲದೆ ನಮ್ಮ ನೆಲದ ಪ್ರಶ್ನೆಗಳೇ ಬೇರೆ. ಕರಾವಳಿಯ ಉಪ್ಪುಗಾಳಿಗೆ ಸಾದಾ ಹಿಂಜ್ ತುಕ್ಕು ಹಿಡಿಯುತ್ತದೆ, ಅಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೇಕು. ಮಲೆನಾಡಿನ ಮಳೆಯಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದ ವಾರ್ಡ್‌ರೋಬಿನ ಹಿಂಬದಿಗೆ ಬೂಷ್ಟು ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಕಪ್ಪು ನಲ್ಲಿ ಬಿಳಿ ಕಲೆ ಹೊತ್ತು ನಿಲ್ಲುತ್ತದೆ. ಹಳೆಯ ಕೆಂಪು ಕಾವಿ ನೆಲವನ್ನು ಒಡೆಯದೆ ಉಳಿಸಿಕೊಳ್ಳುವುದು ಹೇಗೆ? ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹರಡಿದ ಹೆಂಚಿನ ಮಾಡಿನ ಕೆಳಗೆ ಫಾಲ್ಸ್ ಸೀಲಿಂಗ್ ಮಾಡಬಹುದೇ? ಮುಂಬೈ, ದಿಲ್ಲಿಯ ವಿನ್ಯಾಸಕರು ಇವಕ್ಕೆಲ್ಲ ಉತ್ತರ ಕೊಡುವುದಿಲ್ಲ. ಕೊಡಬೇಕಾದವರು ನಾವೇ.

ತ್ರೀಡಿ ರೆಂಡರನ್ನು ಮುಗಿಸಿದ ಕೆಲಸದಂತೆ ಹಾಕುವುದು ಈಗ ಸಾಮಾನ್ಯವಾಗಿದೆ. ಎಐ ಚಿತ್ರಗಳು ಬಂದ ಮೇಲಂತೂ ಒಂದು ಮನೆಯನ್ನೂ ಮಾಡದ ಖಾತೆಗಳಲ್ಲಿ ನೂರು ಮನೆ ಕಾಣುತ್ತವೆ. "ಎಲ್ಲರೂ ಹಾಕುತ್ತಾರೆ, ತಪ್ಪೇನು" ಎನ್ನುವುದು ಸರಿಯಲ್ಲ. ಕೆಲಸ ಪಡೆಯಲು ಹಾಕಿದ ಚಿತ್ರ ಜಾಹೀರಾತೇ. ಜನರನ್ನು ದಾರಿತಪ್ಪಿಸುವ ಜಾಹೀರಾತು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಅಡಿ ಪ್ರಶ್ನೆಗೆ ಒಳಗಾಗುತ್ತದೆ. ನಿಜವೆಂದು ನಂಬಿಸುವಂಥ ಕೃತಕ ದೃಶ್ಯಗಳಿದ್ದರೆ ಅದನ್ನು ತಿಳಿಸಬೇಕೆಂದು ಯೂಟ್ಯೂಬ್ ಕೂಡ 2024ರಿಂದ ಕೇಳುತ್ತಿದೆ. ರೆಂಡರ್ ಹಾಕಬಾರದೆಂದಲ್ಲ. ಅದರ ಮೇಲೆ "ತ್ರೀಡಿ ಚಿತ್ರ" ಎಂದು ಬರೆಯಿರಿ, ಕೆಲಸ ಮುಗಿದಾಗ ಅದೇ ಕೋನದ ಫೋಟೊ ಪಕ್ಕದಲ್ಲಿಡಿ. ರೆಂಡರಿನಲ್ಲಿ ಇಲ್ಲದ ಬೀಮು, ಸ್ವಿಚ್‌ಬೋರ್ಡು, ಎಸಿ ಪೈಪನ್ನು ನೀವು ಹೇಗೆ ಸಂಭಾಳಿಸಿದಿರಿ ಎಂಬುದು ಅಲ್ಲಿ ಕಾಣುತ್ತದೆ. ಬಯೋದಲ್ಲಿ "ಆರ್ಕಿಟೆಕ್ಟ್" ಎಂದು ಬರೆದುಕೊಳ್ಳುವ ಚಪಲವೂ ಇದೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಆ ಹೆಸರು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರದು. ಒಳಾಂಗಣ ವಿನ್ಯಾಸಕರು ಎಂದು ಬರೆದುಕೊಂಡರೆ ಯಾವ ಕೊರತೆಯೂ ಇಲ್ಲ.

ಇನ್ನು ಕಂಪನಿಗಳ ಜೊತೆಗಿನ ನಂಟು. "ಹಣ ತೆಗೆದುಕೊಂಡಿಲ್ಲ, ಬರೀ ಲ್ಯಾಮಿನೇಟ್ ಕೊಟ್ಟರು, ಹೇಳಬೇಕಿಲ್ಲ" ಎಂದು ಅನೇಕರು ತಿಳಿದಿದ್ದಾರೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಉಚಿತ ಸಾಮಾನು, ರಿಯಾಯಿತಿ, ಪ್ರವಾಸ ಎಲ್ಲವೂ ಸಂಬಂಧದ ಲೆಕ್ಕಕ್ಕೇ ಬರುತ್ತವೆ. ವಿಡಿಯೊದಲ್ಲಾದರೆ ಕೆಳಗಿನ ವಿವರಣೆಯಲ್ಲಿ ಬರೆದರೆ ಸಾಲದು. ಪರದೆಯ ಮೇಲೂ ಬರಬೇಕು, ಬಾಯಲ್ಲೂ ಹೇಳಬೇಕು. ದಾರಿತಪ್ಪಿಸುವ ಪ್ರಚಾರಕ್ಕೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ನಮ್ಮ ವೃತ್ತಿಯಲ್ಲಿ ಇದಕ್ಕೊಂದು ವಿಶೇಷ ಮುಖ ಇದೆ: ಪ್ಲೈವುಡ್, ಟೈಲ್ಸ್ ಅಂಗಡಿಯವರು ವಿನ್ಯಾಸಕರಿಗೆ ಕೊಡುವ ಕಮಿಷನ್. ಆ ಅಂಗಡಿಯನ್ನೇ ವಿಡಿಯೊದಲ್ಲಿ ಹೊಗಳುವುದಾದರೆ ನೋಡುವವರಿಗೆ ಅದು ಗೊತ್ತಿರಬೇಕು. ಟ್ರೆಂಡಿಂಗ್ ಹಾಡಿನದೂ ಇಂಥದೇ ಕಥೆ. ಇನ್‌ಸ್ಟಾಗ್ರಾಮಿನಲ್ಲಿ ಬಿಸಿನೆಸ್ ಖಾತೆಗಳಿಗೆ ಆ ಸಂಗೀತ ಪೂರ್ತಿ ಸಿಗದಿರಲು ಕಾರಣ ಪರವಾನಗಿ. ವ್ಯಾಪಾರಕ್ಕೆಂದೇ ಬಿಟ್ಟಿರುವ ಸಂಗೀತ ಬಳಸಿ, ಇಲ್ಲವೇ ಸುಮ್ಮನೆ ನಿಮ್ಮ ದನಿಯಲ್ಲಿ ಮಾತಾಡಿ.

"ನಾನು ವಿನ್ಯಾಸ ಮಾಡಿದ ಮನೆ, ಫೋಟೊ ಹಾಕಲು ಯಾರನ್ನು ಕೇಳಬೇಕು?" ಮನೆಯವರನ್ನು ಕೇಳಬೇಕು, ಬರವಣಿಗೆಯಲ್ಲಿ, ಕೆಲಸ ಒಪ್ಪಿಕೊಳ್ಳುವ ದಿನವೇ. ಯಾವ ಕೋಣೆ, ಯಾವ ವೇದಿಕೆ, ಎಷ್ಟು ಕಾಲ, ಬೇಡವೆಂದರೆ ತೆಗೆಯುವ ಬಗೆ, ಇಷ್ಟು ಒಪ್ಪಂದದಲ್ಲಿರಲಿ. ಲಾಕರ್ ಇರುವ ಕಪಾಟು, ಸಿಸಿಟಿವಿಯ ಜಾಗ, ಮನೆ ನಂಬರು, ಅಪಾರ್ಟ್‌ಮೆಂಟಿನ ಹೆಸರು, ಗೋಡೆಯ ಮೇಲಿನ ಮಕ್ಕಳ ಫೋಟೊ ಎಂದೂ ಬೇಡ. ಫೋಟೊದ ಹಕ್ಕು ಬೇರೆ ವಿಷಯ. ಛಾಯಾಗ್ರಾಹಕರಿಗೇ ಅದು ಸೇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ ಹಣ ಕೊಟ್ಟು ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಆದರೆ ಛಾಯಾಗ್ರಾಹಕರು ಕೊಡುವ ಒಪ್ಪಂದಪತ್ರದಲ್ಲಿ ಬೇರೆ ಬರೆದಿದ್ದರೆ ಅದೇ ನಡೆಯುತ್ತದೆ. ಓದಿ ಸಹಿ ಹಾಕಿ.

ಕೊನೆಯದಾಗಿ, "ಕೀ ಕೊಟ್ಟ ದಿನವೇ ಕೊನೆಯ ಶೂಟಿಂಗ್" ಎಂಬ ಅಭ್ಯಾಸ. ಎರಡು ವರ್ಷ ಬಿಟ್ಟು ಅದೇ ಮನೆಗೆ, ಮನೆಯವರು ಒಪ್ಪಿದರೆ, ಫೋನ್ ಹಿಡಿದು ಹೋಗಿ. ಒಲೆಯ ಪಕ್ಕದ ಶಟರಿನ ಅಂಚು ಬಿಟ್ಟಿದೆಯೇ, ಸಿಂಕಿನ ಕೆಳಗೆ ಹಲಗೆ ಊದಿದೆಯೇ, ದಿನಕ್ಕೆ ಹತ್ತು ಸಲ ಎಳೆಯುವ ಡ್ರಾಯರ್ ಈಗಲೂ ಮೆತ್ತಗೆ ಮುಚ್ಚುತ್ತದೆಯೇ, ನೀವು ಆಸೆಯಿಂದ ಮಾಡಿಸಿದ ಓಪನ್ ಶೆಲ್ಫಿನ ಮೇಲೆ ಎಣ್ಣೆ ಜಿಡ್ಡು ಕುಳಿತಿದೆಯೇ, ತೋರಿಸಿ. ಅಡುಗೆ ಮಾಡುವವರನ್ನೇ ಕೇಳಿ, ಅವರ ಉತ್ತರವನ್ನು ಕತ್ತರಿಸದೆ ಹಾಕಿ. ಇಂಥ ವಿಡಿಯೊ ಕೆಳಗೆ ಬರುವ ಪ್ರಶ್ನೆಗಳಲ್ಲಿ ನಿಮ್ಮ ಮುಂದಿನ ಆರು ತಿಂಗಳಿಗಾಗುವಷ್ಟು ವಿಷಯ ಇರುತ್ತದೆ.