ಬಿಗ್ ಟಬ್‌ನ ಎರಡು ಹಡಗುಗಳು

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಟೊರಾಂಟೊದಿಂದ ವಾಯವ್ಯಕ್ಕೆ ಸುಮಾರು 300 ಕಿಲೋಮೀಟರ್ ದೂರದಲ್ಲಿ, ಬ್ರೂಸ್ ಪರ್ಯಾಯ ದ್ವೀಪದ ತುತ್ತತುದಿಯಲ್ಲಿ ಟೋಬರ್‌ಮೊರಿ ಎಂಬ ಪುಟ್ಟ ಊರಿದೆ. ಒಂದು ಬದಿಗೆ ಹ್ಯೂರಾನ್ ಮಹಾಸರೋವರ, ಇನ್ನೊಂದು ಬದಿಗೆ ಅದರದೇ ಭಾಗವಾದ ಜಾರ್ಜಿಯನ್ ಕೊಲ್ಲಿ. ಇವೆರಡೂ ಕೂಡುವಲ್ಲಿ ದ್ವೀಪಗಳು, ನೀರಿನ ಮಟ್ಟಕ್ಕಿಂತ ತುಸುವೇ ಕೆಳಗಿರುವ ಬಂಡೆಗಳು, ಮುನ್ಸೂಚನೆಯಿಲ್ಲದೆ ಎದ್ದುಬರುವ ಗಾಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಲಿದ್ದಲು, ಮರದ ದಿಮ್ಮಿ, ಧಾನ್ಯ ಹೊತ್ತು ಓಡಾಡುತ್ತಿದ್ದ ಹಡಗುಗಳಿಗೆ ಈ ದಾರಿ ದುಬಾರಿಯಾಯಿತು. 1987ರಲ್ಲಿ ಇಲ್ಲಿ ಸ್ಥಾಪನೆಯಾದ ‘ಫ್ಯಾದಮ್ ಫೈವ್’, ಕೆನಡಾದ ಮೊದಲ ರಾಷ್ಟ್ರೀಯ ಸಾಗರ ಉದ್ಯಾನ. ಅದರ ಎಲ್ಲೆಯೊಳಗೆ ಇಪ್ಪತ್ತಕ್ಕೂ ಹೆಚ್ಚು ಹಡಗುಗಳ ಅವಶೇಷಗಳಿವೆ. ಅವುಗಳಲ್ಲಿ ಎರಡು, ಬಿಗ್ ಟಬ್ ಎಂಬ ಉದ್ದನೆಯ, ಕಿರಿದಾದ ಸಹಜ ಬಂದರಿನ ಒಳತುದಿಯಲ್ಲಿ ಒಂದರ ಸಮೀಪ ಒಂದು ಮಲಗಿವೆ. ಸ್ಕೂಬಾ ಡೈವಿಂಗ್ ಹೊಸದಾಗಿ ಕಲಿತವರು ಮುಳುಗಿದ ಹಡಗನ್ನು ನೋಡಬಯಸಿದರೆ ಇಂಥ ಜಾಗದಿಂದಲೇ ಶುರುಮಾಡಬೇಕು ಎಂಬುದು ಈ ಲೇಖನದ ವಾದ. ನೀರು ಆಳವಿಲ್ಲ ಎಂಬುದು ಅದಕ್ಕೆ ಅರ್ಧ ಕಾರಣ ಮಾತ್ರ. ಅಲ್ಲಿ ಏನನ್ನು ಮಾಡಕೂಡದು ಎಂಬುದನ್ನು ಗೊತ್ತುಮಾಡಿ ಇಟ್ಟಿದ್ದಾರೆ ಎಂಬುದು ಇನ್ನರ್ಧ.

ಎರಡರಲ್ಲಿ ಹಿರಿಯದು ‘ಸ್ವೀಪ್‌ಸ್ಟೇಕ್ಸ್’. ಒಂಟಾರಿಯೊದ ಬರ್ಲಿಂಗ್ಟನ್‌ನಲ್ಲಿ 1867ರಲ್ಲಿ ಕಟ್ಟಿದ, ಸುಮಾರು 36 ಮೀಟರ್ ಉದ್ದದ, ಎರಡು ಕೂವೆಮರಗಳ ಹಾಯಿಹಡಗು. 1885ರಲ್ಲಿ ಕಲ್ಲಿದ್ದಲು ಸಾಗಿಸುತ್ತಿದ್ದಾಗ ಹತ್ತಿರದ ಕೋವ್ ದ್ವೀಪದ ಬಳಿ ಪೆಟ್ಟು ತಿಂದಿತು. ಎಳೆದು ತಂದು ಬಿಗ್ ಟಬ್ ಸೇರಿಸಿದರೂ ಉಳಿಸಲಾಗಲಿಲ್ಲ. ಬಂದರಿನಲ್ಲೇ ತಳ ಸೇರಿತು. ಕಲ್ಲಿದ್ದಲನ್ನು ಆಮೇಲೆ ಎತ್ತಿಕೊಂಡರು, ಹಡಗನ್ನು ಬಿಟ್ಟರು. ಕೂವೆಮರಗಳು ಈಗಿಲ್ಲ. ಆದರೆ ಒಡಲು ಬಹುಮಟ್ಟಿಗೆ ಇಡಿಯಾಗಿದೆ, ಮುಂಭಾಗದಲ್ಲಿ ಲಂಗರು ಎತ್ತುವ ರಾಟೆ ಇದೆ. ಮೂತಿಯ ಬಳಿ ನೀರು ಆರು ಮೀಟರ್ ಆಸುಪಾಸು. ಹಿಂಭಾಗದ ಕಡೆಗೆ ಇನ್ನೂ ಕಡಿಮೆ. ಇನ್ನೊಂದು ‘ಸಿಟಿ ಆಫ್ ಗ್ರ್ಯಾಂಡ್ ರ‍್ಯಾಪಿಡ್ಸ್’, ಮಿಶಿಗನ್‌ನಲ್ಲಿ 1879ರಲ್ಲಿ ಕಟ್ಟಿದ ಪ್ರಯಾಣಿಕರ ಉಗಿಹಡಗು. 1907ರ ಅಕ್ಟೋಬರಿನಲ್ಲಿ ಪಕ್ಕದ ಲಿಟಲ್ ಟಬ್ ಬಂದರಿನಲ್ಲಿ ನಿಂತಿದ್ದಾಗ ಬೆಂಕಿ ಹತ್ತಿತು. ಕಟ್ಟೆಗೂ ಬೆಂಕಿ ತಗುಲೀತೆಂದು ಅದನ್ನು ಹೊರಕ್ಕೆ ಎಳೆದು ಬಿಟ್ಟರು. ಅದು ತೇಲುತ್ತ ಬಿಗ್ ಟಬ್‌ಗೆ ಬಂದು, ನೀರಿನ ಮಟ್ಟದವರೆಗೆ ಉರಿದು ಮುಳುಗಿತು.

ನೂರಮೂವತ್ತಕ್ಕೂ ಹೆಚ್ಚು ವರ್ಷ ನೀರಲ್ಲಿರುವ ಮರದ ಹಡಗು ಇನ್ನೂ ಹಡಗಾಗಿಯೇ ಕಾಣುವುದು ಹೇಗೆ? ಉತ್ತರ ನಮ್ಮ ಕರಾವಳಿಯವರಿಗೆ ಬೇಗ ಹೊಳೆಯುತ್ತದೆ. ಮರದ ದೋಣಿಗೆ ಮೀನೆಣ್ಣೆ, ಗೇರು ಎಣ್ಣೆ ಬಳಿಯುವ ರೂಢಿ ಬಂದದ್ದೇ ಉಪ್ಪುನೀರಿನಲ್ಲಿ ಮರ ಕೊರೆಯುವ ಜೀವಿಗಳ ಕಾಟದಿಂದ. ರಕ್ಷಣೆಯಿಲ್ಲದ ಹಲಗೆಯನ್ನು ಅವು ಕೆಲವೇ ವರ್ಷಗಳಲ್ಲಿ ಜಾಳುಜಾಳು ಮಾಡಬಲ್ಲವು. ಸಿಹಿನೀರಿನಲ್ಲಿ ಆ ಕೊರೆಹುಳುಗಳು ಬದುಕುವುದಿಲ್ಲ. ಜೊತೆಗೆ ವರ್ಷದ ಬಹುಪಾಲು ಕೊರೆಯುವ ಚಳಿ, ಕೊಳೆಯುವ ಕ್ರಿಯೆಯನ್ನೂ ಕಬ್ಬಿಣ ತುಕ್ಕು ಹಿಡಿಯುವುದನ್ನೂ ನಿಧಾನಗೊಳಿಸುತ್ತದೆ. ಬಂದರಿನ ಗೋಡೆಗಳು ತೆರೆದ ಸರೋವರದ ಅಲೆಯ ಹೊಡೆತವನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಬೇರೆಡೆ ಮೂವತ್ತು ನಲವತ್ತು ಮೀಟರ್ ಇಳಿದರಷ್ಟೇ ಸಿಗುವಂಥ ಇಡಿಯಾದ ಹಡಗು ಇಲ್ಲಿ ಆರು ಮೀಟರಿನಲ್ಲೇ ಸಿಗುತ್ತದೆ. ಕಲಿಯುವವರ ದೃಷ್ಟಿಯಿಂದ ಇದು ಅಪರೂಪದ ಕೂಡಿಕೆ. ಸಾಮಾನ್ಯವಾಗಿ ಆಳ ಕಡಿಮೆಯಾದಷ್ಟೂ ಅಲೆ ಮತ್ತು ಮಂಜುಗಡ್ಡೆಗೆ ಸಿಕ್ಕಿ ಹಡಗು ಚೂರಾಗಿರುತ್ತದೆ.

ಕಡಿಮೆ ಆಳದ ಲಾಭವನ್ನು ಲೆಕ್ಕದಲ್ಲೇ ಹೇಳಬಹುದು. ಮೂವತ್ತು ಮೀಟರಿನಲ್ಲಿ ದೇಹದ ಮೇಲಿನ ಒತ್ತಡ ದಡದಲ್ಲಿರುವುದರ ನಾಲ್ಕು ಪಟ್ಟು. ಆರು ಮೀಟರಿನಲ್ಲಿ 1.6 ಪಟ್ಟು. ಒಂದೇ ಸಿಲಿಂಡರಿನ ಗಾಳಿ ಇಲ್ಲಿ ಅಲ್ಲಿಗಿಂತ ಎರಡೂವರೆ ಪಟ್ಟು ಹೊತ್ತು ಬರುತ್ತದೆ. ರಕ್ತದಲ್ಲಿ ಸಾರಜನಕ ಕರಗಿ ಮೇಲೆ ಬರುವಾಗ ಗುಳ್ಳೆಗಟ್ಟುವ ಅಪಾಯ ಬಹಳ ಕಡಿಮೆ. ಹೊಸಬರಿಗೆ ಬೇಕಾದದ್ದು ಸಮಯ: ಉಸಿರು ಹದಕ್ಕೆ ತರಲು, ಮೇಲೂ ಹೋಗದೆ ಕೆಳಗೂ ಹೋಗದೆ ನೀರಲ್ಲಿ ನಿಲ್ಲಲು. ಇದಕ್ಕೆ ಅನುಭವಿಗಳು ಒಡ್ಡುವ ಆಕ್ಷೇಪ ತೂಕದ್ದು: ಆಳವಿಲ್ಲದ ನೀರು ಹುಸಿ ಧೈರ್ಯ ಕೊಡುತ್ತದೆ. ನಿಜವೇ. ಆರು ಮೀಟರಿನಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಶೇ 60ರಷ್ಟು ಹಿಗ್ಗುತ್ತದೆ. ಗಾಬರಿಯಾಗಿ ಉಸಿರು ಬಿಗಿಹಿಡಿದು ಚಿಮ್ಮಿದರೆ ಶ್ವಾಸಕೋಶ ಹರಿಯಲು ಒಂದೆರಡು ಮೀಟರ್ ನೀರೂ ಸಾಕು. ಆದ್ದರಿಂದ ತರಬೇತಿ ಇಲ್ಲದವರಿಗೆ ಬಿಗ್ ಟಬ್ ಸುರಕ್ಷಿತ ಎಂದು ಯಾರೂ ಹೇಳಕೂಡದು. ಆದರೆ ಈ ಆಕ್ಷೇಪದ ತಾರ್ಕಿಕ ಕೊನೆ ಹೊಸಬರನ್ನು ಆಳಕ್ಕೆ ಕಳಿಸುವುದಲ್ಲ. ಇದೇ ಉದ್ಯಾನದಲ್ಲಿ, 1884ರಲ್ಲಿ ಮುಳುಗಿದ ‘ಅರೇಬಿಯಾ’ ಮೂವತ್ತು ಮೀಟರಿಗೂ ಕೆಳಗೆ, ಬೇಸಿಗೆಯಲ್ಲೂ ಕೊರೆಯುವ ನೀರಿನಲ್ಲಿದೆ. ಅಲ್ಲಿ ಡೈವರ್‌ಗಳು ಜೀವ ಕಳೆದುಕೊಂಡಿದ್ದಾರೆ. ತಪ್ಪು ಆಗುವುದೇ ಆದರೆ ತಿದ್ದಿಕೊಳ್ಳಲು ಅವಕಾಶವಿರುವ ಕಡೆ ಆಗಲಿ.

ಇನ್ನೊಂದು ಆಕ್ಷೇಪ ಸ್ವಲ್ಪ ಬಿಗುಮಾನದ್ದು. ಗಾಜಿನ ತಳದ ದೋಣಿಯಲ್ಲಿ ಕೂತ ಪ್ರವಾಸಿಗರಿಗೂ ಕಾಣುವ, ಒಳಹೊಕ್ಕಲು ಬಿಡದ ಹಡಗು ಯಾವ ಸೀಮೆಯ ಡೈವಿಂಗ್ ಎಂದು ಕೇಳುವವರಿದ್ದಾರೆ. ಸ್ವೀಪ್‌ಸ್ಟೇಕ್ಸ್‌ನ ಒಳಗೆ ಪ್ರವೇಶವಿಲ್ಲ, ಸರಿ. ಆದರೆ ಹಡಗಿನ ಒಳಗೆ ಹೋಗುವುದು ಬೇರೆಯೇ ವಿದ್ಯೆ: ತಲೆಯ ಮೇಲೆ ಮಾಡಿದ್ದರೆ ನೇರ ಮೇಲೇರುವ ದಾರಿ ಇಲ್ಲ, ಕಾಲಿನ ರೆಕ್ಕೆ ಒಮ್ಮೆ ತಾಗಿದರೆ ಎದ್ದ ಕೆಸರಿನಲ್ಲಿ ಬಂದ ಬಾಗಿಲೇ ಕಾಣದು. ಅದಕ್ಕೆ ಪ್ರತ್ಯೇಕ ತರಬೇತಿ, ಮರಳಿ ಬರಲು ಹಿಡಿಯುವ ಹಗ್ಗ, ಹೆಚ್ಚುವರಿ ಗಾಳಿ ಬೇಕು. ಹೊರಗಿನಿಂದ ನೋಡುವುದು ಕೀಳಲ್ಲ. ಪಕ್ಕೆಲುಬಿನಂಥ ಅಡ್ಡಮರಗಳಿಗೆ ಹಲಗೆ ಹೊಂದಿಸಿದ ಬಗೆ, ಸರಕಿನ ಬಾಯಿಯ ಅಗಲ, ಉರಿದ ಉಗಿಹಡಗಿನ ತಳಕ್ಕೂ ಹಾಯಿಹಡಗಿನ ಒಡಲಿಗೂ ಇರುವ ವ್ಯತ್ಯಾಸ ಇವೆಲ್ಲ ಹೊರಗಿನಿಂದಲೇ ಓದಿಕೊಳ್ಳುವಂಥವು. ಮುಟ್ಟದೆ, ಒಳನುಗ್ಗದೆ ಒಂದು ಮೀಟರ್ ಅಂತರದಲ್ಲಿ ತೇಲಿ ನಿಲ್ಲಬಲ್ಲವರು ಮಾತ್ರ ಮುಂದೆಂದಾದರೂ ಒಳಹೋಗಲು ಅರ್ಹರು.

ಚಳಿಯ ಮಾತು ಬೇರೆ. ಹ್ಯೂರಾನ್‌ನ ಆಳದ ನೀರು ವರ್ಷವಿಡೀ 4 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ಬೆಚ್ಚಗಾಗುವುದು ಮೇಲ್ಪದರ ಮಾತ್ರ. ಬಿಗ್ ಟಬ್‌ನ ಹಡಗುಗಳು ಆ ಮೇಲ್ಪದರದಲ್ಲೇ ಇವೆ ಎಂಬುದು ಹೊಸಬರ ಅದೃಷ್ಟ. ಆದರೂ ದಪ್ಪ ವೆಟ್‌ಸೂಟ್, ತಲೆಗವಸು, ಕೈಗವಸು ಬೇಕೇಬೇಕು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಮೊದಲ ಪಾಠ ಕಲಿತು, ಈಗ ಟೊರಾಂಟೊ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಗಮನಿಸಬೇಕಾದ ಸಂಗತಿ ಒಂದಿದೆ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ಭಾರ. ಸಲಕರಣೆ ಸೇರಿ 100 ಕಿಲೋ ತೂಗುವವರು ಸರೋವರದಲ್ಲಿ, ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸವನ್ನು ಸುಮಾರು ಎರಡೂವರೆ ಕಿಲೋ ಇಳಿಸಬೇಕು. ದಪ್ಪ ಸೂಟು ಹಾಕಿದರೆ ಮತ್ತೆ ಅದಕ್ಕೆ ತಕ್ಕಷ್ಟು ಕೂಡಿಸಬೇಕು. ನೇತ್ರಾಣಿಯ ಲೆಕ್ಕ ಇಲ್ಲಿ ನಡೆಯದು. ದಡದ ಬಳಿ ತೂಕ ನೋಡಿಕೊಳ್ಳದೆ ಹಡಗಿನ ಮೇಲೆ ಹೋದವರು ಅದರ ಹಲಗೆಯ ಮೇಲೆ ಬೀಳುತ್ತಾರೆ.

ಇಲ್ಲಿಗೆ ಅತಿ ಗಂಭೀರವಾದ ಆಕ್ಷೇಪ ಬರುತ್ತದೆ: ಇಷ್ಟು ಹಳೆಯ ಹಡಗಿನ ಹತ್ತಿರ ಎಳಸು ಡೈವರ್‌ಗಳನ್ನು ಬಿಡುವುದೇ ತಪ್ಪಲ್ಲವೇ? ಸ್ವೀಪ್‌ಸ್ಟೇಕ್ಸ್ ಸವೆಯುತ್ತಿರುವುದು ಸುಳ್ಳಲ್ಲ. ಅದರ ಮೇಲ್ಕಟ್ಟು ನಿಲ್ಲುವಂತೆ ಉದ್ಯಾನದವರು ಆಸರೆ ಕೊಡಬೇಕಾಗಿ ಬಂದಿದೆ. ಆದರೆ ಸವೆತದ ಕಾರಣಗಳನ್ನು ಬಿಡಿಸಿ ನೋಡಬೇಕು. ಚಳಿಗಾಲದ ಮಂಜುಗಡ್ಡೆ ಇದೆ, ಏರಿಳಿಯುವ ಸರೋವರದ ಮಟ್ಟವಿದೆ, ಮೋಟಾರು ದೋಣಿಗಳು ಎಬ್ಬಿಸುವ ಸೆಳೆತವಿದೆ. 1988ರಲ್ಲಿ ಈ ಮಹಾಸರೋವರಗಳ ಸಾಲಿನಲ್ಲಿ ಪತ್ತೆಯಾದ ಜೀಬ್ರಾ ಚಿಪ್ಪುಜೀವಿಗಳೂ ಅವುಗಳ ಹಿಂದೆಯೇ ಬಂದ ಕ್ವಾಗಾ ಚಿಪ್ಪುಜೀವಿಗಳೂ ಎಷ್ಟೋ ಹಡಗುಗಳನ್ನು ಕವಚದಂತೆ ಮುಚ್ಚಿವೆ. ನೀರನ್ನು ಸೋಸಿ ತಿಳಿಯಾಗಿಸಿದವೂ ಅವೇ, ಮರ ಕಬ್ಬಿಣಗಳ ಮೇಲೆ ಭಾರ ಹೇರುವವೂ ಅವೇ. ಮಂಜುಗಡ್ಡೆ, ಚಿಪ್ಪುಜೀವಿಗಳ ಜೊತೆ ಹೋಲಿಸಿದರೆ ಡೈವರ್‌ಗಳು ನಿಯಮಕ್ಕೆ ಬಗ್ಗುವವರು. ಉದ್ಯಾನದಲ್ಲಿ ನೀರಿಗಿಳಿಯುವ ಮುನ್ನ ಹೆಸರು ನೋಂದಾಯಿಸಬೇಕು. ಬಿಗ್ ಟಬ್‌ನಲ್ಲಿ ದೋಣಿಗಳ ಓಡಾಟಕ್ಕೆ ಅಡ್ಡಬರದಂತೆ ಡೈವಿಂಗ್‌ಗೆ ಗೊತ್ತಾದ ಹೊತ್ತುಗಳಿವೆ. ಒಂದು ಮೊಳೆಯನ್ನೂ ಎತ್ತಿಕೊಂಡು ಹೋಗುವಂತಿಲ್ಲ. ನಿರ್ಬಂಧ ಇನ್ನೂ ಬಿಗಿಯಾಗಬೇಕೆಂದಾದರೆ ಮೊದಲು ಮೋಟಾರು ದೋಣಿಗಳ ವೇಗಕ್ಕೂ ಅವು ಹಡಗಿಗೆ ಎಷ್ಟು ಹತ್ತಿರ ಬರಬಹುದು ಎಂಬುದಕ್ಕೂ ಬಿಗಿಯಾಗಲಿ, ನಂತರ ಒಂದು ಸಲಕ್ಕೆ ನೀರಿಗಿಳಿಯುವ ಡೈವರ್‌ಗಳ ಸಂಖ್ಯೆಗೆ. ಹೊಸಬರನ್ನು ಪೂರ್ತಿ ಹೊರಗಿಡುವ ಪ್ರಶ್ನೆ ಇವೆರಡೂ ಮುಗಿದ ಮೇಲಿನದು.