ಬಟವಾಡೆಯ ದಿನ ಕೆಲಸದ ಲೆಕ್ಕ

ಬಟವಾಡೆಯ ದಿನ ಹಾಜರಿ ಪುಸ್ತಕ ತೆರೆದು ಕೂಲಿ ಲೆಕ್ಕ ಹಾಕುವುದು ಬೆಳೆಗಾರರೆಲ್ಲರಿಗೂ ರೂಢಿ. ಎಷ್ಟು ಆಳು ಬಂದರು, ಎಷ್ಟು ಹಣ ಹೋಯಿತು ಎಂಬುದು ಅದರಿಂದ ತಿಳಿಯುತ್ತದೆ. ಆಗಬೇಕಾದ ಕೆಲಸ ಆಯಿತೇ ಎಂಬುದು ಅದರಲ್ಲಿ ಕಾಣದು.

ಅರೇಬಿಕಾ ತೋಟದ ಉದಾಹರಣೆ ನೋಡೋಣ. ಬಿಳಿ ಕಾಂಡಕೊರಕದ ದುಂಬಿಗಳು ಏಪ್ರಿಲ್-ಮೇ ಹಾಗೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹೊರಬಂದು ಮೊಟ್ಟೆಯಿಡುತ್ತವೆ. ಆದ್ದರಿಂದ ಹುಳು ಹಿಡಿದ ಗಿಡಗಳನ್ನು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳಲ್ಲೇ ಗುರುತಿಸಿ, ಬೇರುಸಹಿತ ಕಿತ್ತು ಸುಡಬೇಕು. ಸೆಪ್ಟೆಂಬರಿನ ಒಂದು ವಾರ 4 ಜನ 6 ದಿನ ಬಂದರೆನ್ನಿ; 24 ಆಳು. ಈ ಕೆಲಸಕ್ಕೆಂದು ಎಣಿಸಿದ್ದು 12 ಆಳು, ಬಳಸಿದ್ದು 4. ಉಳಿದ 8 ಆಳು ಬೇಲಿಗೂ ಕಳೆಗೂ ಹೋಯಿತು. ಹಣದ ಪುಸ್ತಕಕ್ಕೆ ಎರಡೂ ಒಂದೇ, 24 ಆಳಿನ ಕೂಲಿ. ಬೇಲಿ ಇನ್ನೊಂದು ವಾರ ಕಾದೀತು, ದುಂಬಿ ಕಾಯದು.

ಇದಕ್ಕೆ ಹಾಜರಿ ಪುಸ್ತಕದ ಎದುರು ಪುಟದಲ್ಲಿ ಮೂರು ಕಾಲಂ ಎಳೆದರೆ ಸಾಕು: ಎಣಿಸಿದ ಕೆಲಸ, ಆದ ಕೆಲಸ, ನಿಂತದ್ದೇಕೆ. ಮೂರನೆಯದನ್ನು ಮಾಲೀಕರೊಬ್ಬರೇ ಕುಳಿತು ತುಂಬಬಾರದು. ಮೇಸ್ತ್ರಿಯನ್ನೂ ಆಳುಗಳನ್ನೂ ಕೇಳಿ ಬರೆಯಬೇಕು. ಹಣ ಕೊಡುವ ಮೊದಲೇ ಕೇಳುವುದು ಒಳ್ಳೆಯದು, ಆಮೇಲೆ ಸಂತೆಯ ಅವಸರ! ಹತ್ತು ನಿಮಿಷದ ಮಾತು. ಇಳಿಜಾರಿನ ಪಟ್ಟೆಯಲ್ಲಿ ಕೆಲಸ ನಿಧಾನವಾಯಿತು, ಕತ್ತಿ ಮೊಂಡಾಗಿತ್ತು, ಸುಣ್ಣ ಬರಲಿಲ್ಲ ಎಂಬ ಕಾರಣಗಳು ಹೊರಬೀಳುವುದು ಆಗಲೇ. ಯಾರು ಎಷ್ಟು ಮಾಡಿದರೆಂದು ಹೆಸರು ಹಿಡಿದು ಹೋಲಿಸಲು ಹೊರಟರೆ ಮುಂದಿನ ವಾರ ಯಾರೂ ಬಾಯಿ ಬಿಡುವುದಿಲ್ಲ.

ಮಾಲೀಕರ ಓಡಾಟವೂ ಅದೇ ಪುಟಕ್ಕೆ ಬರಬೇಕು. ಸ್ಪ್ರೇಯರಿನ ವಾಷರ್ ತರಲು ಎರಡು ದಿನ ಪೇಟೆಗೆ ಅಲೆದಿದ್ದರೆ ಅದನ್ನೂ ಬರೆಯಿರಿ. ಒಂದು ವಾಷರ್ ಹೆಚ್ಚಿಗೆ ತಂದಿಡುವ ಬುದ್ಧಿ ಅದರಿಂದಲೇ ಬರುತ್ತದೆ.

ಅಡಿಕೆಯಲ್ಲಿ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲು ಒಮ್ಮೆ, ಅಲ್ಲಿಂದ 40-45 ದಿನಕ್ಕೆ ಮತ್ತೊಮ್ಮೆ ಸಿಂಪಡಿಸಬೇಕು. ಮೊದಲ ಸಿಂಪಡಣೆಯ ತಾರೀಖಿನಿಂದ ಪ್ರತಿ ಬಟವಾಡೆಗೂ ವಾರ ಎಣಿಸಿ ಬರೆಯಿರಿ. ನಾಲ್ಕನೆಯ ವಾರದಲ್ಲೇ ಕೊನೆಗಾರನಿಗೆ ಹೇಳಿ, ಮೈಲುತುತ್ತ ಮತ್ತು ಸುಣ್ಣ, 100 ಲೀಟರ್ ನೀರಿಗೆ ತಲಾ 1 ಕಿಲೋದಂತೆ, ಮನೆಯಲ್ಲಿಟ್ಟುಕೊಂಡರೆ ಆರನೆಯ ವಾರ ಮಳೆ ಬಿಡುವು ಕೊಟ್ಟ ದಿನವೇ ಮರ ಹತ್ತಿಸಬಹುದು.

ವರ್ಷ ಮುಗಿದ ಪುಸ್ತಕವನ್ನು ಅಟ್ಟಕ್ಕೆ ಹಾಕಬೇಡಿ. ಬರುವ ಆಗಸ್ಟ್ ಕೊನೆಯಲ್ಲಿ ಆಳು ಹಂಚುವಾಗ ಹಿಂದಿನ ಸೆಪ್ಟೆಂಬರಿನ ನಾಲ್ಕು ಪುಟಗಳು ಬೇಕಾಗುತ್ತವೆ.