ಮಗ್ಗುಲಿಗೆ ನೆಲೆಯಿಲ್ಲದ ರಾತ್ರಿಗಳು

ಮಧುಗಿರಿಯ ಕಡೆಯ ಹಳ್ಳಿಯೊಂದರಿಂದ ನಮ್ಮ ಸೋದರತ್ತೆಯವರು ಬೆಂಗಳೂರಿನ ನಮ್ಮ ಮನೆಗೆ ಬಂದಾಗ ಮೊದಲ ರಾತ್ರಿ ಅವರಿಗೆ ಮಂಚದ ಮೇಲೆ ಮೆತ್ತನೆಯ ಹಾಸಿಗೆಯನ್ನು ಹಾಸಿಕೊಟ್ಟೆವು. ನಡುರಾತ್ರಿಯಲ್ಲೆದ್ದು ನೋಡಿದರೆ ಅವರು ನೆಲದ ಮೇಲೆ ಚಾಪೆ ಹಾಸಿಕೊಂಡಿದ್ದರು. ಮೂರನೆಯ ಜಾವಕ್ಕೆ ದಿಂಬನ್ನು ಗೋಡೆಗೊರಗಿಸಿ ಕುಳಿತಿದ್ದರು. ಬೆಳಗಿನ ವೇಳೆಗೆ ಹಜಾರದ ಆರಾಮ ಕುರ್ಚಿಯನ್ನು ಸೇರಿ, ಆಯಾಸದಿಂದ ಕಣ್ಣು ಮುಚ್ಚಿದ್ದರು.

“ಹಾಸಿಗೆ ಹಿತವಾಗಲಿಲ್ಲವೇ, ಅತ್ತೆ?” ಎಂದು ನನ್ನ ಹೆಂಡತಿ ಕೇಳಿದಳು.

“ಹಾಸಿಗೆಗೇನಮ್ಮ, ರಾಜರು ಮಲಗುವ ಹಾಗಿದೆ. ಅದರ ಮೇಲಿಡುವ ಬೆನ್ನೇ ಸರಿಯಿಲ್ಲವಲ್ಲ!” ಎಂದು ಅವರು ನಕ್ಕರು.

ನಾವೂ ನಕ್ಕೆವು. ವಯಸ್ಸಾಯಿತು, ವಾಯುವಿನ ಉಪದ್ರವವಿರಬೇಕೆಂದುಕೊಂಡೆವು. ಅತ್ತೆಯವರಿಗೆ ಆಗ ಐವತ್ತೈದು ತುಂಬಿತ್ತು, ಅಷ್ಟೆ. ಅವರ ಹಲ್ಲುಗಳ ಮೇಲೆ ಕಂದುಬಣ್ಣದ ಗೆರೆಗಳಿದ್ದುದನ್ನು ಚಿಕ್ಕಂದಿನಿಂದ ಕಂಡಿದ್ದೆನಾದರೂ, ಎಲೆಯಡಿಕೆಯನ್ನು ಮುಟ್ಟದ ಅವರಿಗೆ ಆ ಕಲೆ ಎಲ್ಲಿಂದ ಬಂತೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಯೋಚಿಸಿದವರು ವೈದ್ಯರು. ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು ಅವರು ಕೇಳಿದ ಮೊದಲ ಪ್ರಶ್ನೆ: “ತಾಯಿ, ನೀವು ಯಾವ ಊರಿನ ನೀರು ಕುಡಿದು ಬೆಳೆದಿರಿ?”

ಕಲ್ಲಿನಿಂದ ಎಲುಬಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಬೆಟ್ಟ ಬಂಡೆಗಳಿಗೂ ಬರಗಾಲಕ್ಕೂ ಹೆಸರಾದ ಸೀಮೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡಿ ಬೆರಗಾಗದ ಪ್ರವಾಸಿಯಿಲ್ಲ. ಇಲ್ಲಿನ ಗ್ರಾನೈಟು ಮುಂತಾದ ಶಿಲೆಗಳಲ್ಲಿ ಫ್ಲೋರಿನ್ ಅಂಶವುಳ್ಳ ಖನಿಜಗಳಿವೆ. ನೆಲದಡಿಯ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಆ ಖನಿಜಗಳನ್ನು ಕರಗಿಸಿಕೊಳ್ಳುತ್ತದೆ. ಕೆರೆಗಳು ಬತ್ತಿ, ಕೊಳವೆ ಬಾವಿಗಳು ನೂರಾರು ಅಡಿ ಕೆಳಗಿಳಿದಂತೆ ಜನರ ಕೊಡಕ್ಕೆ ಇಂಥ ನೀರೇ ಹೆಚ್ಚಾಗಿ ಬರತೊಡಗಿತು. ಅದು ತಿಳಿಯಾಗಿರುತ್ತದೆ, ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಭಾರತದ ಮಾನಕದ ಪ್ರಕಾರ ಕುಡಿಯುವ ನೀರಿನ ಪ್ರತಿ ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಮಿನೊಳಗಿರಬೇಕು. ಬೇರೆ ನೀರಿನ ಆಸರೆಯಿಲ್ಲದ ಕಡೆ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದು. ಈ ಸೀಮೆಯ ಅನೇಕ ಬಾವಿಗಳು ಆ ಎಲ್ಲೆಯನ್ನು ಮೀರಿವೆ. ಎಳೆಯ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಹಲ್ಲು ಕಲೆಗಟ್ಟುತ್ತದೆ. ಹಲವು ವರ್ಷ ಕುಡಿದರೆ ಫ್ಲೋರೈಡ್ ಎಲುಬಿನಲ್ಲಿ ಶೇಖರವಾಗುತ್ತದೆ. ಕೀಲುಗಳನ್ನು ಬಿಗಿಯುವ ತಂತುಗಳೂ ಸುಣ್ಣಗಟ್ಟಿ, ಬೆನ್ನು ಮರದ ಹಲಗೆಯಂತೆ ಬಾಗದಾಗುತ್ತದೆ. ಇದೇ ಫ್ಲೋರೋಸಿಸ್. ನಮ್ಮ ದೇಶದಲ್ಲಿ ಇದು ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ.

ವೈದ್ಯರು ಅತ್ತೆಯವರಿಂದ ಮೂರು ಕೆಲಸ ಮಾಡಿಸಿದರು: ಮಂಡಿ ಮಡಿಸದೆ ಕಾಲ್ಬೆರಳು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಕೈಗಳನ್ನು ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟುವುದು. ಮೂರೂ ಅವರಿಂದಾಗಲಿಲ್ಲ. ಮನೆಯಲ್ಲಿ ನಾವು ಯಾರೂ ಅದನ್ನು ಗಮನಿಸಿರಲಿಲ್ಲ.

ಎಲ್ಲಿ ಮಲಗುವುದು?

ಎಲುಬಿಗೆ ಸೇರಿದ ಫ್ಲೋರೈಡನ್ನು ತೆಗೆದುಹಾಕುವ ಔಷಧ ಇನ್ನೂ ಇಲ್ಲ. ಆದರೆ ರಾತ್ರಿಯನ್ನು ಸ್ವಲ್ಪ ಹಗುರ ಮಾಡಬಹುದು. ಬೆನ್ನುನೋವಿಗೆ ಗಟ್ಟಿ ಹಲಗೆಯೇ ಮದ್ದೆಂಬ ಹಳೆಯ ನಂಬಿಕೆ ಪೂರ್ತಿ ನಿಜವಲ್ಲ. ಸ್ಪೇನ್ ದೇಶದಲ್ಲಿ ಬಹುದಿನದ ಸೊಂಟನೋವಿದ್ದ 313 ಜನರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬಹಳ ಗಟ್ಟಿಯಾದ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯೇ ಹೆಚ್ಚು ಹಿತವೆಂದು ಕಂಡುಬಂದಿತು. ಅವರ ನೋವಿನ ಕಾರಣ ಬೇರೆಯಿದ್ದರೂ ಈ ಮಾತು ನಮಗೆ ದಾರಿ ತೋರಿಸಿತು.

ಜೋಲುವ ಹಗ್ಗದ ಮಂಚ ಬೇಡವಾಯಿತು. ನೆಲದಿಂದ ಏಳುವುದೇ ಯಾತನೆಯಾದ್ದರಿಂದ ಚಾಪೆಯೂ ಬೇಡವಾಯಿತು. ಕುಳಿತರೆ ಪಾದ ನೆಲಕ್ಕೆ ತಾಗುವಷ್ಟು ಎತ್ತರದ ಹಲಗೆಯ ಮಂಚ, ಅದರ ಮೇಲೆ ಚೆನ್ನಾಗಿ ಹಿಂಜಿದ ಹತ್ತಿಯ ಹಾಸಿಗೆ. ಮಗ್ಗುಲಾಗಿ ಮಲಗಿದರೆ ಮಂಡಿಗಳ ನಡುವೆ ದಿಂಬು. ಅಂಗಾತ ಮಲಗಿದರೆ ಮಂಡಿಗಳ ಕೆಳಗೆ. ಮುಂದಕ್ಕೆ ಬಾಗಿದ ಕುತ್ತಿಗೆಯನ್ನು ಬಲವಂತವಾಗಿ ನೆಟ್ಟಗೆ ಮಾಡದೆ, ಅದರ ಬಾಗಿಗೆ ತಕ್ಕಷ್ಟು ಆಸರೆ. ಏಳುವಾಗ ಪಕ್ಕಕ್ಕೆ ಹೊರಳಿ, ಕಾಲುಗಳನ್ನು ಇಳಿಬಿಟ್ಟು, ಕೈಯೂರಿ ಏಳುವುದು. ಮಲಗುವ ಮುನ್ನ ಬಿಸಿನೀರಿನ ಶಾಖ.

ಎರಡು ಎಚ್ಚರಿಕೆಗಳನ್ನು ವೈದ್ಯರು ಒತ್ತಿ ಹೇಳಿದರು. ಕಾಲು ಜೋಮುಗಟ್ಟುವುದು, ಬಲ ಕುಂದುವುದು, ಮೂತ್ರದ ಹತೋಟಿ ತಪ್ಪುವುದು, ಇವು ಬೆನ್ನುಹುರಿ ಅದುಮಿಹೋಗುತ್ತಿರುವ ಸೂಚನೆಗಳಾಗಿರಬಹುದು. ಒಂದು ದಿನವೂ ತಡಮಾಡಬಾರದು. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬಾರದು. ಫ್ಲೋರೈಡನ್ನು ಹೊರಹಾಕುವ ಮೂತ್ರಪಿಂಡಗಳಿಗೇ ಅವು ಕೇಡು.

ಕೊಡವನ್ನು ಮೊದಲು ನೋಡಿ

ಹಾಸಿಗೆ ಎಷ್ಟೇ ಹಿತವಾಗಿದ್ದರೂ ಅದೇ ನೀರು ಕುಡಿಯುತ್ತಿದ್ದರೆ ನೋವು ಬೆಳೆಯುತ್ತಲೇ ಇರುತ್ತದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿ ಅದರ ಸಾಂದ್ರತೆ ಹೆಚ್ಚುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ತುಂಗಭದ್ರೆಯ ನೀರನ್ನು ಪಾವಗಡಕ್ಕೆ ತರುವ ದೊಡ್ಡ ಯೋಜನೆಯನ್ನು ಸರ್ಕಾರ ಕೈಗೊಂಡಿತು. ಶುಚಿಯಾದ ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರು ಫ್ಲೋರೈಡಿನ ಭಯವಿಲ್ಲದ ನೀರು. ಘಟಕದ ನೀರನ್ನು ಕುಡಿಯಲು ಮಾತ್ರ ಬಳಸಿ, ಅನ್ನ ಸಾರಿಗೆ ಕೊಳವೆ ಬಾವಿಯ ನೀರನ್ನೇ ಸುರಿಯುವ ಮನೆಗಳುಂಟು. ಅಡಿಗೆಯ ಮೂಲಕವೂ ಫ್ಲೋರೈಡ್ ಹೊಟ್ಟೆ ಸೇರುತ್ತದೆ. ಸುಣ್ಣದಂಶ ತುಂಬಿದ ರಾಗಿ, ಹಾಲು, ಮೊಸರು, ಸೊಪ್ಪು, ಜೊತೆಗೆ ನೆಲ್ಲಿ, ನಿಂಬೆ, ಇವು ಮಕ್ಕಳಿಗೆ ಒಳ್ಳೆಯ ರಕ್ಷೆ.

ಅತ್ತೆಯವರು ಊರಿಗೆ ಮರಳಿದರು; ಹಲಗೆಯ ಮಂಚವನ್ನೂ ಎರಡು ದಿಂಬುಗಳನ್ನೂ ಜೊತೆಗೆ ಕಳುಹಿಸಿದೆವು. ಈಗ ರಾತ್ರಿ ಎರಡು ಬಾರಿ ಮಾತ್ರ ಎಚ್ಚರವಾಗುತ್ತದೆಯಂತೆ. ಮೊನ್ನೆ ದೂರವಾಣಿಯಲ್ಲಿ ಅವರು ತಮ್ಮ ಬೆನ್ನಿನ ಸುದ್ದಿಯನ್ನೇ ಎತ್ತಲಿಲ್ಲ. “ಮೊಮ್ಮಗಳಿಗೆ ಮುಂದಿನ ಎರಡು ಹಲ್ಲು ಹೊಸದಾಗಿ ಬಂದಿವೆಯಪ್ಪ, ಮಲ್ಲಿಗೆ ಮೊಗ್ಗಿನ ಹಾಗೆ ಬೆಳ್ಳಗಿವೆ,” ಎಂದರು.